ನಿಂತುಹೋದ ಸೋಮವಾರ

ಶಿವರಾತ್ರಿಯ ಜಾಗರಣೆ ಮುಗಿದು ಕೆಲವು ದಿನಗಳಾಗಿದ್ದವು. ಹೊಳೆನರಸೀಪುರದ ಮನೆಯ ಪಡಸಾಲೆಯಲ್ಲಿ ಅಂಬುಜಮ್ಮ ಮಗಳ ಬೆನ್ನ ಹಿಂದೆ ನಿಂತು ಕಂಪ್ಯೂಟರಿನ ಪರದೆಯನ್ನು ಇಣುಕಿ ನೋಡಿದರು.

"ಏನೇ ಮೈತ್ರೇಯಿ, ನಿನ್ನ ಪೆಟ್ಟಿಗೆಗೆ ಇವತ್ತಿನ್ನೂ ಏಕಾದಶಿಯಂತೆ? ಹಾಗಾದ್ರೆ ಶಿವರಾತ್ರಿ ಮುಗಿಸಿ ಕೂತಿರೋ ನಾವೇ ಹುಚ್ಚರು ಬಿಡು!"

ಮೈತ್ರೇಯಿ ನಗಲು ಹೊರಟವಳು ಅರ್ಧಕ್ಕೇ ತಡೆದಳು. ತಂದೆಯ ಜ್ಯೋತಿಷ್ಯಕ್ಕೆ ಬಳಸುತ್ತಿದ್ದ ಜಾತಕದ ತಂತ್ರಾಂಶದಲ್ಲಿ 'ಈಗಿನ ಸಮಯ' ಎಂಬ ಗುಂಡಿಯನ್ನು ಕೈತಪ್ಪಿ ಒತ್ತಿದ್ದಳು. ಹೊರಗೆ ಬುಧವಾರ; ಪರದೆಯ ಮೇಲೆ ಹಿಂದಿನ ವಾರದ ಸೋಮವಾರ. ಮಾಘ ಬಹುಳ ಏಕಾದಶಿ, ಮೂಲಾ ನಕ್ಷತ್ರ.

ಆ ಕೊನೆಯ ಎರಡು ಪದಗಳನ್ನು ಅವಳು ಎರಡು ಸಲ ಓದಿದಳು.

ಹಾಸನದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವಳು ಅವಳು, ದೋಷವನ್ನು ಹುಡುಕುವ ಕ್ರಮ ಗೊತ್ತಿತ್ತು. ಮೊದಲು ತಂತ್ರಾಂಶವನ್ನು ಶಂಕಿಸಿದಳು. ತನ್ನದೇ ಜನ್ಮದಿನವನ್ನು ಕೊಟ್ಟು ನೋಡಿದರೆ ಜಾತಕ ಸರಿಯಾಗಿಯೇ ಬಂತು. ಆಮೇಲೆ ಕಾಲವಲಯವನ್ನು ನೋಡಿದಳು, ಅದೂ ಭಾರತದ್ದೇ. ಕೊನೆಗೆ ಗೋಡೆಯ ಸ್ವಿಚ್ಚನ್ನೇ ಆರಿಸಿ, ಊಟ ಮುಗಿಸಿ ಬಂದು ಮತ್ತೆ ಹಾಕಿದಳು. ಅವಳ ಕೈಗಡಿಯಾರ ಮುಂದೆ ಹೋಗಿತ್ತು. ಕಂಪ್ಯೂಟರು ಸ್ವಿಚ್ಚು ಆರಿಸಿದ ಕ್ಷಣದಲ್ಲಿಯೇ ನಿಂತಿತ್ತು. ವಿದ್ಯುತ್ತಿಲ್ಲದಾಗ ಗಡಿಯಾರವನ್ನು ನಡೆಸಬೇಕಾದ, ಗುಂಡಿಯಷ್ಟಗಲದ ಬ್ಯಾಟರಿ ಒಳಗೆ ಸೊರಗಿಹೋಗಿತ್ತು.

ಮಿಕ್ಕದ್ದು ತಾನಾಗಿ ಬಿಚ್ಚಿಕೊಂಡಿತು. ವೋಲ್ಟೇಜಿನ ಭಯಕ್ಕೆ ಅಂಬುಜಮ್ಮ ದಿನವೂ ರಾತ್ರಿ ಎಂಟಕ್ಕೆ ಸ್ವಿಚ್ಚು ಆರಿಸುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಹಾಕಿದಾಗ ಪರದೆಯ ಮೂಲೆಯಲ್ಲಿ ಎಂಟು ಗಂಟೆಯೇ ಇರುತ್ತಿತ್ತು, ಆದರೆ ರಾತ್ರಿಯ ಎಂಟು. ಮೈತ್ರೇಯಿ ಅದನ್ನು ಬೆಳಗಿನದಾಗಿ ಬದಲಿಸುತ್ತಿದ್ದಳು. ತಾರೀಕನ್ನು ನೋಡುತ್ತಿರಲಿಲ್ಲ. ಹೀಗೆ ಮನೆಯಲ್ಲಿ ಪ್ರತಿ ದಿನ ಅದೇ ಸೋಮವಾರ ಹುಟ್ಟಿ ಅದೇ ಸೋಮವಾರ ಮುಳುಗುತ್ತಿತ್ತು.

ಬೇರೆಯವರ ಜಾತಕಗಳಿಗೆಲ್ಲ ಜನ್ಮದಿನವನ್ನು ಕೈಯಾರೆ ಕೊಟ್ಟಿದ್ದರಿಂದ ಅವು ಕೆಟ್ಟಿರಲಿಲ್ಲ. 'ಈಗಿನ ಸಮಯ' ಒತ್ತಿದ್ದು ಒಂದೇ ಒಂದು ಮಗುವಿಗೆ. ಅರಕಲಗೂಡಿನ ಚನ್ನಪ್ಪ ಹಾಸನದ ಆಸ್ಪತ್ರೆಯಿಂದ ಫೋನು ಮಾಡಿ, "ಸ್ವಾಮ್ಯಾರೇ, ಮೊಮ್ಮಗಳು ಈಗ ಉಟ್ಟವ್ಳೆ, ಈಗಿಂದೀಗ್ಲೇ! ನಕ್ಷತ್ರ ನೋಡ್ಬುಡಿ" ಎಂದು ಕೂಗಿದ್ದ. ಅಂದು ಆ ಸೋಮವಾರದ ಮರುದಿನ, ಮಂಗಳವಾರ. ಅವಳ ತಂದೆ ಪಟ್ಟಾಭಿರಾಮ ಜೋಯಿಸರು ಪರದೆಯನ್ನು ನೋಡಿ ಹೇಳಿದ್ದರು: ಮೂಲಾ, ಮೊದಲ ಪಾದ, ಪಿತೃಕಂಟಕ. ಶಾಂತಿ ಆಗುವ ತನಕ ತಂದೆ ಮಗುವಿನ ಮುಖ ನೋಡಕೂಡದು. ಆಮೇಲೂ ಮೊದಲು ಎಣ್ಣೆಯ ಬಟ್ಟಲಿನಲ್ಲಿ ಬಿಂಬವನ್ನು ನೋಡಬೇಕು.

ಆಸ್ಪತ್ರೆಯ ಬಾಗಿಲವರೆಗೆ ಬಂದಿದ್ದ ಮಗುವಿನ ತಂದೆ, ಚನ್ನಪ್ಪನ ಮಗ ಶಶಿಕುಮಾರ್ ಹಾಗೆಯೇ ಹಿಂತಿರುಗಿದ್ದ. ಬಾಣಂತಿ ಧನ್ಯಾ ಕೂಸಿನೊಡನೆ ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು.

ಮಗಳು ಹೇಳಿದ್ದನ್ನು ಕೇಳಿ ಜೋಯಿಸರು ಮೊಳೆಗೆ ನೇತುಹಾಕಿದ್ದ ಪಂಚಾಂಗವನ್ನು ತೆಗೆದು ಮಂಗಳವಾರದ ಸಾಲಿನ ಮೇಲೆ ಬೆರಳಿಟ್ಟರು. ಪೂರ್ವಾಷಾಢ. ಬೆರಳು ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ.

"ಶಾಂತಿ ಮಾಡಿಸಿದ್ರೆ ಕೇಡೇನಿಲ್ಲ ಮಗು. ಮಾಡಿಸ್ಲಿ. ಸುಮ್ಮನಿದ್ದುಬಿಡೋಣ."

"ಅಷ್ಟು ದಿನ ಹೆತ್ತಪ್ಪ ಮಗೂನ ನೋಡಬಾರ್ದಾ?"

"ಹಾಗಾದ್ರೆ ಯಂತ್ರ ಕೆಟ್ಟಿತ್ತು ಅಂತ ಹೇಳು. ಮೂರು ತಲೆಮಾರಿನ ಹೆಸರು ಕಣೇ ಇದು."

"ಕೆಟ್ಟಿದ್ದು ಬ್ಯಾಟರಿ. ತಾರೀಕು ನೋಡದೆ ಇದ್ದೋಳು ನಾನು."

"ಪಂಚಾಂಗ ನೋಡದೆ ಇದ್ದೋನು ನಾನು" ಎಂದು ಜೋಯಿಸರು ಮುಖ ತಿರುಗಿಸಿಕೊಂಡರು. ಆದರೆ ಅವಳೊಡನೆ ಹೊರಡಲಿಲ್ಲ.

ಅರಕಲಗೂಡಿನ ಬಸ್ಸಿನಲ್ಲಿ ಕುಳಿತು ಮೈತ್ರೇಯಿ ಹೇಳಬೇಕಾದ ವಾಕ್ಯಗಳನ್ನು ಕ್ರಮವಾಗಿ ಜೋಡಿಸಿಕೊಂಡಳು. ಚನ್ನಪ್ಪನ ಮನೆಯ ಹಜಾರಕ್ಕೆ ಕಾಲಿಟ್ಟೊಡನೆ ಅವೆಲ್ಲ ಚದುರಿಹೋದವು. ಮಂಚದ ಮೇಲೆ ಶಶಿಕುಮಾರ್ ಬಲಗಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಒರಗಿದ್ದ. ಅಂದು ಹಾಸನದಿಂದ ಬರುವಾಗ ಬೂವನಹಳ್ಳಿಯ ಹತ್ತಿರ ಬೈಕು ಜಾರಿತ್ತಂತೆ.

ಅವಳು ಎಲ್ಲವನ್ನೂ ಹೇಳಿದಳು: ಬ್ಯಾಟರಿ, ನಿಂತ ತಾರೀಕು, ಸೋಮವಾರ, ಮಂಗಳವಾರ. ಮಗುವಿನದು ಪೂರ್ವಾಷಾಢ ನಕ್ಷತ್ರ, ಯಾವ ಕಂಟಕವೂ ಇಲ್ಲ.

ಶಶಿಕುಮಾರನ ತಾಯಿ ಕಾಮಾಕ್ಷಮ್ಮ ಕುಳಿತಲ್ಲಿಂದಲೇ ಕೇಳಿಸಿಕೊಂಡರು. ಆಮೇಲೆ ಎದ್ದು ಬಂದು ಪ್ಲಾಸ್ಟರಿನ ಮೇಲೆ ಕೈಯಿಟ್ಟರು.

"ನಕ್ಷತ್ರ ತಪ್ಪು ಅಂತೀಯ ಕಣವ್ವಾ. ಕಾಲು ಸರ್ಯಾಗೇ ಮುರ್ದೈತಲ್ಲ! ಇದ್ಯಾವ ಬ್ಯಾಟ್ರಿ ಮಾಡ್ತು?"

"ಅಮ್ಮ, ರಸ್ತೇಲಿ ಜಲ್ಲಿ ಇತ್ತು ಕಣಮ್ಮ."

"ಸುಮ್ಕಿರ್ಲಾ. ಜಲ್ಲಿ ಎಲ್ಲಾರ್ಗೂ ಇತ್ತು, ಬಿದ್ದೋನು ನೀನೊಬ್ನೇ. ಶಾಂತಿ ಆಗೋಗಂಟ ಆ ಕೂಸು ಈ ವಸ್ತಿಲು ದಾಟಬಾರ್ದು ಅಂದ್ರೆ ದಾಟಬಾರ್ದು."

ತಪ್ಪು ಲೆಕ್ಕಕ್ಕೆ ಒಂದು ಪುರಾವೆ ಹುಟ್ಟಿಕೊಂಡಿತ್ತು. ಲೆಕ್ಕವನ್ನು ತಿದ್ದಿದರೂ ಪುರಾವೆ ಅಳಿಸುವಂತಿರಲಿಲ್ಲ.

ಶಶಿಕುಮಾರ್ ಮಂಚದ ಪಕ್ಕದ ಫೋನನ್ನು ಎಳೆದುಕೊಂಡು ಚನ್ನರಾಯಪಟ್ಟಣದ ನಂಬರು ತಿರುಗಿಸಿದ. "ಧನ್ಯಾ, ಜೋಯಿಸರ ಮಗಳು ಬಂದವ್ರೆ. ಮೂಲಾ ಅಲ್ವಂತೆ ಕಣೇ!" ಎಂದ. ಆಚೆಯಿಂದ ಏನು ಕೇಳಿಸಿತೋ, ಮುಖ ಸಪ್ಪಗಾಯಿತು. ರಿಸೀವರನ್ನು ಮೈತ್ರೇಯಿಯ ಕಡೆ ಚಾಚಿದ. "ನಿಮ್ಗೇ ಕೊಡು ಅಂತವ್ಳೆ."

ಹಿಂದೆ ಕೂಸು ಅಳುತ್ತಿರುವುದು ಕೇಳಿಸಿತು. ಧನ್ಯಾಳ ದನಿಯಲ್ಲಿ ಕೋಪವಿರಲಿಲ್ಲ.

"ಅಕ್ಕಾ, ತಪ್ಪು ಒಪ್ಕೊಂಡು ಅಲ್ಲೀಗಂಟ ಬಂದ್ರಿ, ದೊಡ್ಡೋರು ನೀವು. ಒಂದೇ ಮಾತು ಕೇಳ್ತೀನಿ. ನಿಮ್ಮ ಗಡಿಯಾರ ಸರ್ಯಾಗೇ ಇದ್ದು, ಇವ್ಳು ನಿಜ್ವಾಗ್ಲೂ ಮೂಲಾ ಆಗಿದ್ದಿದ್ರೆ, ಆಸ್ಪತ್ರೆ ಬಾಗ್ಲಿಂದ ಅವರು ವಾಪಸ್ ಹೋದದ್ದು ಸರೀನಾ?"

ಮೈತ್ರೇಯಿ ಬಾಯಿ ತೆರೆಯುವಷ್ಟರಲ್ಲಿ ಆಚೆ ಫೋನನ್ನು ಮೆಲ್ಲಗೆ ಇಟ್ಟ ಸದ್ದಾಯಿತು.

"ಏನಂದ್ಲು?" ಎಂದ ಶಶಿಕುಮಾರ್.

ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಅವಳು ಆ ಪ್ರಶ್ನೆಯನ್ನು ಒಂದಕ್ಷರವನ್ನೂ ಬಿಡದೆ ಹೇಳಿದಳು. ಕಾಮಾಕ್ಷಮ್ಮ ಒಳಕ್ಕೆ ಹೋದರು. ಶಶಿಕುಮಾರ್ ಗೋಡೆಗೆ ಒರಗಿಸಿಟ್ಟಿದ್ದ ಊರುಗೋಲನ್ನು ನೋಡಿದ. ಅದು ಕೈಗೆ ಎಟುಕುವಷ್ಟು ಹತ್ತಿರದಲ್ಲಿರಲಿಲ್ಲ. ಮೈತ್ರೇಯಿ ಅದನ್ನು ತಂದು ಮಂಚಕ್ಕೆ ಆನಿಸಿದಳು.

ಅವನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ, ಬೀದಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಾಗಲೂ ತೆರೆದ ಬಾಗಿಲೊಳಗೆ ಹಾಗೆಯೇ ಹಿಡಿದು ಕುಳಿತಿದ್ದ.