ತಂಗಿಯ ಸಾಲು

ತಂಗಿ ಡೇಲಿಯಾ ಹೂ ಹಿಡ್ಕೊಂಡು ಪ್ರಯೋಗಾಲಯದ ಮೆಟ್ಟಿಲು ಹತ್ತುತ್ತಿದ್ದಂತೆ ಅಲ್ಲಿ ಕೆಲಸ ಮಾಡೋ ಹುಡುಗಿಯೊಬ್ಬಳು ಓಡಿಬಂದು ಅಡ್ಡ ನಿಂತಳು.

"ಅಯ್ಯೋ, ಒಳಗೆ ತರಬೇಡಿ! ಆ ಎಲೇಲಿ ವೈರಸ್ ಇದೆ. ಪಕ್ಕದಲ್ಲೇ ನಮ್ಮ ಗಿಡಗಳಿವೆ. ಮೇಡಂ ನೋಡಿದ್ರೆ ಕೊಂದೇ ಬಿಡ್ತಾರೆ..."

ಹುಡುಗಿ ನಾಲಿಗೆ ಕಚ್ಚಿಕೊಂಡಳು. ಮೇಡಂ ಆಗಲೇ ಪ್ರಯೋಗಾಲಯದ ಪಡಸಾಲೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ದುಡಿದ ಜಾಗ ಅಂತ ದೇಹವನ್ನ ಕೊನೇ ಸಲ ಅಲ್ಲಿಗೆ ತಂದಿಟ್ಟಿದ್ದರು.

"ನಾನು ಅವಳ ತಂಗಿ," ಅಂದಳು ತಂಗಿ. "ಸತ್ತ ಮೇಲೂ ಅವಳದೇ ರೂಲ್ಸಾ?"

*

ಅಮ್ಮ ಹೋದಾಗ ಅಮ್ಮನ ಡೇಲಿಯಾ ಗೆಡ್ಡೆಯನ್ನ ಅಕ್ಕತಂಗಿ ಅರ್ಧರ್ಧ ಹಂಚಿಕೊಂಡಿದ್ದರು. ಮೊದಲ ಹೂ ಬಿಡೋ ಹೊತ್ತಿಗೆ ಅಕ್ಕ ತಂಗಿಯ ಮನೆಗೆ ಬಂದು ಎಲೆ ತಿರುಗಿಸಿ ನೋಡಿ, ಕಡ್ಡಿ ಮುರಿದ ಹಾಗೆ ಅಂದಿದ್ದಳು: "ನರದ ಪಕ್ಕ ಹಳದಿ ನೋಡು. ರೋಗ. ಸುಟ್ಟುಬಿಡೇ."

"ಅಮ್ಮನ ಗಿಡಾನಾ? ಬಾಯಿ ಹೇಗೆ ಬಂತೇ ನಿನಗೆ? ಹೋಗು, ನಿಂದು ಸುಟ್ಕೋ."

ಅಲ್ಲಿಗೆ ಮಾತು ಬಿಟ್ಟುಹೋಯ್ತು. ಪ್ರತಿ ವರ್ಷ ಹೂವಿನ ಕಾಲಕ್ಕೆ ಮಾತ್ರ ಅಕ್ಕನ ಫೋನು: "ಒಂದು ಎಲೆ ಕಳಿಸೇ."

ಹೇಗಿದ್ದೀಯ ಅಂತಿಲ್ಲ, ಊಟ ಆಯ್ತಾ ಅಂತಿಲ್ಲ. ಎಲೆಯಂತೆ ಎಲೆ! ತಂಗಿ ಫೋನ್ ಕುಕ್ಕುತ್ತಿದ್ದಳು. ಎಲೆ ಕಳಿಸಲೇ ಇಲ್ಲ.

*

"ಅವಳ ಪಾಲಿನ ಗಿಡ ಸುಟ್ಟಳು ತಾನೇ?" ತಂಗಿ ಹುಡುಗಿಯನ್ನ ಕೇಳಿದಳು.

"ಸುಡೋದಾ? ಬೇರೆ ಕೋಣೇಲಿ ಮಗು ಥರ ಸಾಕಿದ್ರು. ನಾವು ನೀರು ಹಾಕೋ ಹಾಗೂ ಇರ್ಲಿಲ್ಲ. ಬನ್ನಿ."

ಕಂಪ್ಯೂಟರಿನಲ್ಲಿ ಎ, ಟಿ, ಜಿ, ಸಿ ಅಂತ ಅಕ್ಷರಗಳ ಉದ್ದಾನುದ್ದ ಸಾಲು. ಅದರ ತಲೆಗೆ 'ಅಕ್ಕ' ಅಂತ ಹೆಸರು. ಕೆಳಗೆ 'ತಂಗಿ'. ಮುಂದೆ ಖಾಲಿ.

"ಇದು ಅವರ ಗಿಡದ ವೈರಸ್ಸಿನ ಜೀನೋಮು, ಅಂದ್ರೆ ಅದರ ವಂಶದ ಬರಹ. ಒಂದೇ ಗೆಡ್ಡೇಲಿದ್ದ ವೈರಸ್ಸು ಎರಡು ಮನೆಗೆ ಹೋದ್ರೆ ಅಲ್ಲಲ್ಲೇ ಚೂರುಚೂರು ಬದಲಾಗುತ್ತೆ. ಇಷ್ಟು ವರ್ಷದಲ್ಲಿ ಎಷ್ಟು ದೂರ ಆಗಿವೆ ನೋಡ್ಬೇಕು ಅಂತಿದ್ರು. ಬೇರೆ ಕಡೆಯಿಂದ ಎಲೆ ತರ್ಲಾ ಅಂದ್ರೆ, 'ಬೇಡ ಕಣೇ, ಆ ಸಾಲು ಅವಳದು' ಅಂದ್ರು."

ತಂಗಿ ಕುರ್ಚಿಯ ಬೆನ್ನು ಹಿಡ್ಕೊಂಡಳು. "ಬಾ ಅಂದಿದ್ರೆ ನಾನೇ ತರ್ತಿದ್ನಲ್ಲ."

"ಬಾ ಅನ್ನೋಕೆ ಮೇಡಂಗೆ ಎಲ್ಲಿ ಬರ್ತಿತ್ತು? ನಂಗೆ ಜ್ವರ ಬಂದಾಗ್ಲೂ 'ಸ್ಯಾಂಪಲ್ ಎಲ್ಲಿ' ಅಂತ್ಲೇ ರೂಮಿಗೆ ಬಂದ್ರು. ಬಂದವರು ಸಂಜೆವರೆಗೂ ಹಾಸಿಗೆ ಪಕ್ಕದಿಂದ ಏಳ್ಲೇ ಇಲ್ಲ."

ಹೊರಗೆ ಯಾರೋ, "ಹೊತ್ತಾಯ್ತು, ಎತ್ತೋಣ," ಅಂದರು.

ತಂಗಿ ಹೂವಿನ ತೊಟ್ಟಿನಿಂದ ಹಳದಿ ನರದ ಎಲೆ ಕಿತ್ತಳು. ಹುಡುಗಿ ಸಣ್ಣ ಕವರಿನ ಬಾಯಿ ತೆರೆದು ಹಿಡಿದಳು. ಎಲೆ ಬಿಡೋಕೆ ತಂಗಿಯ ಬೆರಳುಗಳು ಸ್ವಲ್ಪ ಹೊತ್ತು ತಗೊಂಡವು.

ಹೂ ಅಕ್ಕನ ಎದೆ ಮೇಲೆ ಹೋಯ್ತು. ಈ ಸಲ ಯಾರೂ ತಡೆಯಲಿಲ್ಲ.

ಗಾಡಿ ಹೊರಟಾಗ ತಂಗಿ ತಿರುಗಿ ಕಿಟಕಿ ಕಡೆ ನೋಡಿದಳು. ಒಳಗೆ, ಕಂಪ್ಯೂಟರಿನ ಪರದೆ ಮೇಲೆ, ಅವಳ ಹೆಸರಿನ ಮುಂದೆ, ಪುಟ್ಟ ಗೆರೆಯೊಂದು ಮಿಟುಕುತ್ತಲೇ ಇತ್ತು.