ಅಂಗಿಯೊಳಗಿನ ಸೀಸೆ

ತಾತನ ಇನ್ಸುಲಿನ್ ಮುಗಿದಿತ್ತು. ನಮ್ಮ ಅಲ್ಮಾಟಿ ನಗರದಲ್ಲಿ ಗಲಭೆ, ಗುಂಡಿನ ಸದ್ದು ಇನ್ನೂ ನಿಂತಿರಲಿಲ್ಲ, ಫೋನುಗಳು ಸತ್ತಿದ್ದವು. ನಮ್ಮ ಬೀದಿಯ ಔಷಧಿ ಅಂಗಡಿಯ ಗಾಜು ಒಡೆದು ಯಾರೋ ಎಲ್ಲವನ್ನೂ ಹೊತ್ತೊಯ್ದಿದ್ದರು. ಕೆಳಗಿನ ಬಡಾವಣೆಯಲ್ಲಿ ನನ್ನ ಚಿಕ್ಕಮ್ಮ ನರ್ಸ್. ಅವಳ ಫ್ರಿಜ್ಜಿನಲ್ಲಿ ಒಂದು ಸೀಸೆಯಾದರೂ ಇರುತ್ತದೆಂದು ಬೆಳಗಾದ ಕೂಡಲೇ ಹೊರಟೆ.

ಪಕ್ಕದ ಮನೆಯ ಬಾತಿಮಾ ಅಪಾ ಬಾಗಿಲಲ್ಲೇ ಅಡ್ಡ ನಿಂತರು. ಟ್ರಾಲಿಬಸ್ಸು ಓಡಿಸಿ ನಿವೃತ್ತರಾದ ಹೆಂಗಸು.

"ಆ ಕಪ್ಪು ಜಾಕೆಟ್ ತೆಗಿ. ಗಲಾಟೆಯೋರೆಲ್ಲ ಅದನ್ನೇ ಹಾಕ್ಕೊಂಡಿದ್ದಾರೆ. ನಿಮ್ಮಮ್ಮನ ಕೆಂಪು ಕೋಟು ಹಾಕ್ಕೋ."

"ಅದ್ರಲ್ಲಿ ನಾನು ಟೀ ಕಾಸೋ ದಪ್ಪ ಸಮೋವರ್ ಥರ ಕಾಣ್ತೀನಿ ಅಪಾ."

"ಸಮೋವರ್‌ಗೆ ಯಾರೂ ಗುಂಡು ಹೊಡಿಯಲ್ಲ. ನಡಿ, ನಾನೂ ಬರ್ತೀನಿ."

ದಟ್ಟ ಮಂಜು. ಬೆಟ್ಟ ಕಾಣದಿದ್ದರೆ ನಮ್ಮೂರಿನವರಿಗೆ ದಿಕ್ಕೇ ಇಲ್ಲ. ಮೇಲೆ ಎಂದರೆ ಬೆಟ್ಟದ ಕಡೆ, ಕೆಳಗೆ ಎಂದರೆ ಅದಕ್ಕೆ ಬೆನ್ನು. ಅಂದು ಇಳಿಜಾರನ್ನು ಮೊಣಕಾಲಿನಿಂದಲೇ ತಿಳಿಯುತ್ತ ನಡೆದೆವು. ಅಪಾ ದಾರಿಯುದ್ದಕ್ಕೂ ಗಟ್ಟಿಯಾಗಿ ಮಾತಾಡುತ್ತಲೇ ಇದ್ದರು. ಬರುತ್ತಿರುವವರು ಹೆಂಗಸರೆಂದು ದೂರದಿಂದಲೇ ತಿಳಿಯಲಿ ಎಂದು.

"ನೀನೂ ಏನಾದ್ರೂ ಹೇಳೇ ಕಮ್ಶಾತ್. ತತ್ತ್ವಶಾಸ್ತ್ರದೋರು ನಾಲಿಗೆ ಕಿತ್ಕೊಂಡೇ ಡಿಗ್ರಿ ಕೊಡ್ತಾರಾ?"

ನಾನು ನಕ್ಕು ಸುಮ್ಮನಾದೆ. ಮೌನ ನನಗೆ ಮನೆಯಂತಿತ್ತು. ಅದರೊಳಗೆ ಯಾರೂ ನನ್ನನ್ನು ಮುಟ್ಟಲಾರರು ಎಂದುಕೊಂಡಿದ್ದೆ.

ಚಿಕ್ಕಮ್ಮ ಸೀಸೆ ಕೊಟ್ಟಳು. "ಹೆಪ್ಪುಗಟ್ಟಿದ್ರೆ ಬಿಸಾಕೋದೇ, ಮೈಗೆ ತಾಗಿಸಿ ಇಟ್ಕೋ" ಎಂದಳು. ಬಟ್ಟೆ ಸುತ್ತಿ ಎದೆಯ ಹತ್ತಿರ, ಅಂಗಿಯೊಳಗೆ ಇಟ್ಟುಕೊಂಡೆ. ಅವಳ ಬಳಿ ಇದ್ದದ್ದು ಅದೊಂದೇ.

ವಾಪಸು ಬರುವಾಗ ವೃತ್ತದಲ್ಲಿ ಮಂಜಿನೊಳಗಿಂದ ಸೈನ್ಯದ ಗಾಡಿಯೊಂದು ಮೂಡಿತು.

"ನಿಲ್ಲಿ. ಕೈ ಮೇಲೆ."

ಹಳ್ಳಿ ಕಡೆಯ ಉಚ್ಚಾರಣೆಯ ಎಳೆಯ ಸೈನಿಕ, ಅವನ ಹಿಂದೆ ಇನ್ನೂ ಕೆಲವರು. ನನ್ನ ಎದೆಯತ್ತ ಬಂದೂಕು ತೋರಿಸಿ, "ಅಲ್ಲೇನು ಉಬ್ಬಿರೋದು?" ಎಂದ.

ತೋರಿಸಲೆಂದು ನನ್ನ ಬಲಗೈ ತಾನಾಗಿಯೇ ಕೋಟಿನತ್ತ ಇಳಿಯಿತು. ಬಂದೂಕು ಮೇಲೆದ್ದಿತು. ಕೈಯನ್ನು ಅರ್ಧದಲ್ಲೇ ತಡೆದು ಮತ್ತೆ ಎತ್ತಿದೆ.

ಅಪಾ ಕೂಡ ಮೂಕರಾಗಿದ್ದರು. ನಾನು ಪ್ರೀತಿಸುವ ಮೌನವಲ್ಲ ಅದು. ಈ ಮೌನದೊಳಗೆ ಪ್ರತಿಯೊಬ್ಬ ಸೈನಿಕನೂ ತನಗೆ ತೋಚಿದ್ದನ್ನು ತುಂಬಿಕೊಳ್ಳುತ್ತಿದ್ದ. ಅದನ್ನು ಖಾಲಿ ಬಿಡುವ ಹಾಗಿರಲಿಲ್ಲ.

"ತಮ್ಮಾ," ಎಂದೆ, "ಅದು ಔಷಧಿ. ನಮ್ಮ ತಾತಂಗೆ ಸಕ್ಕರೆ ಕಾಯಿಲೆ. ಚಳಿಗೆ ಕೆಡಬಾರದು ಅಂತ ಅಂಗಿ ಒಳಗೆ ಇಟ್ಟಿದ್ದೀನಿ. ಬೇಕಾದ್ರೆ ನೀನೇ ತೆಗೆದು ನೋಡು."

ಹಿಂದಿನವನೊಬ್ಬ ಕಿಸಕ್ಕನೆ ನಕ್ಕ. ಹುಡುಗನ ಕಿವಿ ಕೆಂಪಾಯಿತು. "ನಾನು ಹೇಗೆ ಅಕ್ಕ... ಹೆಂಗಸರ ಮೈ ಮುಟ್ಟೋದಾ?"

"ಹಾಗಾದ್ರೆ ನಾನೇ ತೆಗೀತೀನಿ. ಬಲಗೈ ಮೇಲೇ ಇರತ್ತೆ. ಏನು ಮಾಡೋದಿದ್ರೂ ಮೊದಲು ಹೇಳ್ತೀನಿ. ಸರಿನಾ?"

"ಸರಿ."

"ಎಡಗೈ ಇಳಿಸ್ತಿದ್ದೀನಿ. ಕೋಟಿನ ಗುಂಡಿ ಬಿಚ್ತೀನಿ. ಈಗ ಅಂಗಿಯದು. ಇನ್ನು ಎರಡೇ ಬೆರಳು ಒಳಗೆ ಹೋಗ್ತವೆ."

"ನಿಧಾನ."

"ಇದಕ್ಕಿಂತ ನಿಧಾನ ಆದ್ರೆ ಇವಳ ತಾತ ಇನ್ನೊಂದು ಮದುವೆ ಆಗ್ಬಿಡ್ತಾರೆ," ಎಂದರು ಅಪಾ. ಅವರಿಗೆ ದನಿ ಮರಳಿತ್ತು.

ಬಟ್ಟೆಯ ಗಂಟು ಹೊರಬಂತು. ಹುಡುಗ ಬಿಚ್ಚಿ, ಸೀಸೆಯನ್ನು ಬರಿಯ ಅಂಗೈಯಲ್ಲಿ ಹಿಡಿದು ಚೀಟಿ ಓದಿದ. ಮತ್ತೆ ಓದಿದ. ಅದರ ಮೇಲೆ ಮಂಜು ಕೂರುತ್ತಿತ್ತು.

"ನೋಡಿ ಆಯ್ತಲ್ಲ. ನಿನ್ನ ಕೈ ತಣ್ಣಗಿದೆ. ಈಗ ನಾನು ಎಡಗೈ ಚಾಚ್ತೀನಿ, ಕೊಟ್ಬಿಡು."

ಬೇಡಿದ ಮಾತಲ್ಲ ಅದು. ಅವನು ಕೊಟ್ಟ.

"ಮೇಲಿನ ವೃತ್ತಕ್ಕೆ ಹೋಗ್ಬೇಡಿ ಅಕ್ಕ. ಅಲ್ಲಿರೋರು ನಿನ್ನೆಯಿಂದ ನಿದ್ದೆ ಮಾಡಿಲ್ಲ. ಪಾರ್ಕಿನ ಪಕ್ಕ ಹೋಗಿ."

ಪಾರ್ಕಿನ ಪಕ್ಕದಲ್ಲೇ ಹೋದೆವು. ಈಗ ಗಟ್ಟಿಯಾಗಿ ಮಾತಾಡುತ್ತಿದ್ದವಳು ನಾನು. ಏನು ಮಾತಾಡಿದೆನೋ ನೆನಪಿಲ್ಲ.

ಮನೆಯಲ್ಲಿ ಕಿಟಕಿಯ ಬೆಳಕಿಗೆ ಸೀಸೆ ಹಿಡಿದೆ. ತಿಳಿ ನೀರಿನಂತಿತ್ತು, ಮಂಜಿನ ಒಂದು ಚೂರೂ ಇರಲಿಲ್ಲ. ತಾತ ಅಂಗಿ ಮೇಲೆತ್ತಿದರು. ಸೂಜಿ ಚುಚ್ಚಿ ತೆಗೆದೆ.

"ನಾಳೆಗೆ?" ಎಂದು ಕೇಳಿದರು.

"ಈ ತಿಂಗಳಿಗೆಲ್ಲ ಆಗತ್ತೆ."

ತಾತ ಅಂಗಿ ಇಳಿಸಿಕೊಂಡು ರೊಟ್ಟಿಯತ್ತ ಕೈ ಚಾಚಿದರು.