ಬಿಸಿಲಿಗಿಟ್ಟ ಕಾಗದ

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಮ್ಮ ಮನೆಯಲ್ಲಿ ಬೆಳ್ಳಿಯೆಲ್ಲ ನನ್ನ ಪಾಲು, ಬಂಗಾರ ನನ್ನ ಗಂಡನದು. ನಲವತ್ತು ವರ್ಷ ಫೋಟೊ ಸ್ಟುಡಿಯೊ ನಡೆಸಿದ ಮನುಷ್ಯ. ಕತ್ತಲೆಕೋಣೆ ಹೊಕ್ಕರೆ ಊಟಕ್ಕೆ ಕರೆದರೂ ಓಗೊಡುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು, ಇದ್ದ ನಾಲ್ಕು ಮಾತೂ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು, "ನಿಮ್ಮ ಹೆಂಡತಿ ಯಾರು, ತೋರಿಸಿ" ಎಂದರೆ ಇವರು ಫ್ಯಾನಿನ ಕಡೆ ನೋಡಿದರು.

"ಗುರುತು ಸಿಗ್ತಾ ಇದೆಯೋ ಇಲ್ವೋ, ಹೇಳೋಕಾಗಲ್ಲಮ್ಮ" ಎಂದರು ಡಾಕ್ಟರು. ಅಂದಿನಿಂದ ನನಗೆ ಅದೊಂದೇ ಕೊರಗು: ನಾನು ಯಾರೆಂದು ಇವರಿಗೆ ಗೊತ್ತಿದೆಯೇ?

ಮನೆಗೆ ಬಂದ ಮೇಲೆ ಇವರ ಎಡಗೈಗೆ ಹೊಸ ಚಟ ಹತ್ತಿತು. ಸ್ಟುಡಿಯೊದ ಹಳೇ ಡಬ್ಬಿಯಿಂದ ಫೋಟೊ ಕಾಗದ ತೆಗೆದು ಕಿಟಕಿ ಪಕ್ಕದ ಮೇಜಿನ ಮೇಲೆ ಬಿಸಿಲಿಗಿಡುವುದು, ಅದರ ಮೇಲೆ ಕೈಗೆ ಸಿಕ್ಕಿದ್ದನ್ನು ಹೇರುವುದು. ಕ್ಯಾಮೆರಾ ಬೇಡ, ಏನೂ ಬೇಡ. ಬಿಸಿಲು ಬಿದ್ದ ಕಡೆ ಕಾಗದ ಕಂದುತ್ತದೆ, ಮುಚ್ಚಿದ ಕಡೆ ಬೆಳ್ಳಗೆ ಉಳಿಯುತ್ತದೆ. ನಾನು ಕಿಟಕಿಯ ಬಳಿ ಕೂತು ತರಕಾರಿ ಹೆಚ್ಚುವ ಹೊತ್ತಿಗೇ ಇವರ ಈ ಕೆಲಸ.

ಮೊದಲ ಕಾಗದದಲ್ಲಿ ಚಮಚ ಮೂಡಿತು. ಹಸಿವೇನೋ ಎಂದು ತಿನ್ನಲು ಕೊಟ್ಟೆ, ಬಾಯಿ ಬಿಗಿದರು. ಮಾರನೆಯ ದಿನ ಕನ್ನಡಕ ಮೂಡಿತು. ಪೇಪರ್ ಓದಿ ಹೇಳಿದೆ. ಕೀಲಿಕೈ ಮೂಡಿದಾಗ ಗಾಲಿಕುರ್ಚಿ ತಳ್ಳಿಕೊಂಡು ಮುಚ್ಚಿದ ಸ್ಟುಡಿಯೊ ತನಕ ಹೋಗಿ ಬಂದೆ. ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡೇ ಇದ್ದರು.

"ಏನು ಬೇಕು ಅಂತ ನೆಟ್ಟಗೆ ತೋರಿಸಬಾರದೇನ್ರೀ?" ಎಂದು ರೇಗಿದೆ. ರೇಗಿದ್ದಕ್ಕೆ ಆಮೇಲೆ ಒಬ್ಬಳೇ ಕೂತು ಅತ್ತೆ.

ಭಾನುವಾರ ಮೈದುನ ಬಂದ. ಅಣ್ಣನ ಕತ್ತಲೆಕೋಣೆಯಲ್ಲೇ ಪಳಗಿದವನು. ಬೆಳಕಿಗೆ ಮತ್ತಷ್ಟು ಕಪ್ಪಾಗದಿರಲೆಂದು ಪರದೆ ಎಳೆದು ಕಾಗದಗಳನ್ನು ಹರಡಿದ. ನನ್ನ ಸಾಹಸವನ್ನೆಲ್ಲ ಕೇಳಿ ನಕ್ಕ.

"ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಲ್ಲ ಅತ್ತಿಗೆ. ಹಳೇ ಕಾಗದ ಸುರುಳಿ ಸುತ್ಕೊಳ್ಳುತ್ತೆ. ಚಮಚ, ಕೀಲಿಕೈ ಎಲ್ಲ ಮೂಲೆಗಿಟ್ಟ ಭಾರ, ಅಷ್ಟೇ. ಚಿತ್ರ ನಡುವೆ ಇದೆ, ನೋಡಿ."

ನಡುವೆ ಮಸುಕು ಕಲೆಯೊಂದಿತ್ತು. ಕಾಗದ ಕೆಟ್ಟಿದೆ ಎಂದುಕೊಂಡಿದ್ದೆ. ಈಗ ದಿಟ್ಟಿಸಿದೆ. ಮೂಗು, ತುರುಬು. ಎಲ್ಲ ಕಾಗದದಲ್ಲೂ ಕಿಟಕಿಯ ಬಿಸಿಲಿಗೆ ಅಡ್ಡ ಕೂತ ನನ್ನದೇ ನೆರಳು.

"ನೀವು ಮಾತಾಡ್ತಾ ತಲೆ ಅಲ್ಲಾಡಿಸ್ತೀರಲ್ಲ, ಅದಕ್ಕೇ ಕಲಸಿ ಹೋಗಿದೆ" ಎಂದ ಮೈದುನ. "ಪಾಪ, ಅಣ್ಣ ದಿನಾ ಹೊಸದಾಗಿ ತೆಗೀತಿದಾನೆ."

ಇವರಿಗೆ ನಾನು ಗೊತ್ತು. ಎಷ್ಟು ದಿನದಿಂದ ಹೇಳುತ್ತಿದ್ದರೋ, ನಾನು ಚಮಚ ನೋಡುತ್ತ ಕೂತಿದ್ದೆ.

ಮರುದಿನ ಬಿಸಿಲು ಬಂದ ಹೊತ್ತಿಗೆ ತರಕಾರಿ ಒಳಗೇ ಬಿಟ್ಟು ಕಿಟಕಿಯ ಬಳಿ ಕೂತೆ. ಇವರು ಕಾಗದವಿಟ್ಟು, ಮೂಲೆಗೆ ಚಮಚ ಹೇರಿ, ನನ್ನನ್ನೇ ನೋಡುತ್ತ ಎಡಗೈಯ ತೋರುಬೆರಳನ್ನು ಮೆಲ್ಲಗೆ ಕೆಳಗಿಳಿಸಿದರು. ಸ್ಟುಡಿಯೊಗೆ ಬಂದವರಿಗೆಲ್ಲ ಮಾಡುತ್ತಿದ್ದ ಸನ್ನೆ ಅದು: ಗದ್ದ ಸ್ವಲ್ಪ ಕೆಳಗೆ.

ಮದುವೆಯಾದಾಗಿನಿಂದ ಇವರ ಒಂದು ಮಾತನ್ನೂ ಎದುರಾಡದೆ ಕೇಳಿದವಳಲ್ಲ ನಾನು. ಗದ್ದ ಇಳಿಸಿದೆ. ಹದಿನೈದು ನಿಮಿಷ ಬಾಯಿ ಬಿಡಲಿಲ್ಲ.